ಮೂರು ಮೀಟರ್ ದೂರ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಸುಮ್ಮನೆ ಅನ್ನುವುದಲ್ಲ. ಗುರುಕಿರಣ್ ಎಂಬ ಮನುಷ್ಯ ತಿರುವನಂತಪುರದಿಂದ ನಮ್ಮ ಮೀನು ಸಂಶೋಧನಾ ಲ್ಯಾಬಿಗೆ, ಜಾತಿ ಗುರುತಿಸಲೆಂದು ಕಳಿಸಿದ ಫೋಟೋ ನೋಡಿದವಳೇ ಫೋನ್ ಮಾಡಿ ಬೈದುಬಿಟ್ಟೆ.

ಕೋವಳಂನ ಬಂಡೆಗಳ ನಡುವೆ ಡೈವಿಂಗ್‌ಗೆ ಇಳಿದಾಗ ತೆಗೆದದ್ದಂತೆ. ಮರಳಿನ ಮೇಲೆ ಬಾಲದಲ್ಲಿ ವಿಷಮುಳ್ಳಿರುವ ದೊಡ್ಡ ತೊರಕೆ ಮೀನು, ಅಂದರೆ ಸ್ಟಿಂಗ್‌ರೇ, ದುಂಡಗೆ, ಮೈತುಂಬ ಬೂದು-ಕಪ್ಪು ಮಚ್ಚೆ. ಅದರ ಮುಖದೆದುರು ಹಳದಿ ಅಳತೆಯ ಟೇಪು!

"ಎಂತದು ಮಾರಾಯ್ರೆ ಇದು? ಮೀನಿಗೆ ಅಂಗಿ ಹೊಲಿಸ್ಲಿಕ್ಕುಂಟಾ?"

"ಅಳತೆ ಇಲ್ದೆ ಡೇಟಾ ಹೇಗೆ ಕಳ್ಸೋದು ಮೇಡಂ? ನಾನು ರಾಕೆಟ್ ಇಂಜಿನಿಯರು." ಮೈಸೂರಿನ ಮೆತ್ತನೆಯ ದನಿ.

"ಚೇಳಿನ ಹಾಗೆ ಬಾಲ ಎತ್ತಿದೆ, ಕಾಣುದಿಲ್ವಾ? ಮುಳ್ಳು ಚುಚ್ಚಿದ್ರೆ ನಿಮ್ಮ ರಾಕೆಟ್ ಅಲ್ಲೇ ಲ್ಯಾಂಡ್. ಮೂರು ಮೀಟರ್ ದೂರ ಇರಿ. ಅದರ ದಾರಿಗೆ ಅಡ್ಡ ನಿಲ್ಬೇಡಿ. ಅಳತೆ ಬೇಕಾದ್ರೆ ಅದು ಎದ್ದು ಹೋದ ಮೇಲೆ ಮಲಗಿದ ಜಾಗ ಅಳೀರಿ."

ಅದು ಬ್ಲಾಚ್ಡ್ ಫ್ಯಾನ್‌ಟೇಲ್ ಎಂಬ ತೊರಕೆ ಜಾತಿಯದೇ ಎಂದು ಖಚಿತವಾಗಿ ಹೇಳಲು ಬಾಲದ ಕೆಳಗಿನ ಅಗಲವಾದ ಕಪ್ಪು ಚರ್ಮದ ಮಡಿಕೆ ಕಾಣಬೇಕಿತ್ತು. ಫೋಟೋದಲ್ಲಿ ಕದಡಿದ ಮರಳು ಅದನ್ನು ಮುಚ್ಚಿತ್ತು.

ಮುಂದಿನ ಶನಿವಾರ ಕೊಚ್ಚಿಯ ನಮ್ಮ ಲ್ಯಾಬಿನ ಬಾಗಿಲಲ್ಲಿ ಒಬ್ಬ ಎತ್ತರದ ಯುವಕ ನಿಂತಿದ್ದ. ಕೈಯಲ್ಲಿ ತಿರುವನಂತಪುರದ ಚಾಲೈ ಮಾರ್ಕೆಟ್ಟಿನ ಹಲಸಿನ ಚಿಪ್ಸ್.

"ಧನಶ್ರೀ ಮೇಡಂ? ನಾನೇ, ಟೇಪು."

"ಒಳಗೆ ಬನ್ನಿ."

"ಪರ್ವಾಗಿಲ್ಲ ಮೇಡಂ. ಮೂರು ಮೀಟರ್."

ತುಟಿಗಿಂತ ಮೊದಲು ಅವನ ಕಣ್ಣು ನಗುತ್ತಿತ್ತು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆಮೇಲೆ ಅವನು ಬರುತ್ತಲೇ ಇದ್ದ. ಪ್ರತಿ ಸಲ ಹೊಸ ಫೋಟೋ, ಪ್ರತಿ ಸಲ ಚಿಪ್ಸ್. ಲ್ಯಾಬಿನಿಂದ ಮೆಟ್ರೋದಲ್ಲಿ ಜೊತೆಗೆ ಹೋಗುವಾಗಲೂ ನಡುವೆ ಒಂದು ಸೀಟು ಬಿಟ್ಟೇ ಕೂರುತ್ತಿದ್ದ. ಆ ಖಾಲಿ ಸೀಟಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದು ಅವನಿಗೇನು ಗೊತ್ತು!

ಮೇ ತಿಂಗಳಲ್ಲಿ ಅವನಿಗೆ ಅಹಮದಾಬಾದಿಗೆ ವರ್ಗವಾಯಿತು. ಮಳೆಗಾಲ ಹಿಡಿದರೆ ಡೈವಿಂಗೂ ನಿಲ್ಲುತ್ತದೆ.

"ಕೊನೇ ಸಲ ಇಳೀತೀನಿ," ಎಂದ ಫೋನಿನಲ್ಲಿ. "ಬಾಲದ ಫೋಟೋ ತಗೊಂಡೇ ಬರ್ತೀನಿ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳ್ಬೇಕು."

ಖುಷಿಯಾಯಿತು, ಜೊತೆಗೇ ಹೆದರಿಕೆಯೂ ಆಯಿತು. ಲೆಕ್ಕಾಚಾರದ ಮನುಷ್ಯ, ಫೋಟೋ ಸಿಗದಿದ್ದರೆ ಆ ಮಾತನ್ನೂ ನುಂಗಿಕೊಂಡು ಹೋಗಿಬಿಡುತ್ತಾನೆ.

ಭಾನುವಾರ ಸಂಜೆ ಕೊಚ್ಚಿ ಬಳಿಯ ಆಲುವ ರೈಲು ಸ್ಟೇಷನ್ನಿನಲ್ಲಿ ಅವನು ಇಳಿದಾಗ ಮುಖ ಬಾಡಿತ್ತು.

"ಸಿಗ್ಲಿಲ್ಲ," ಎಂದ, ಎಂದಿನಂತೆ ದೂರ ನಿಂತು. "ಬಂಡೆ ಕೆಳಗೆ ಮಲಗಿತ್ತು. ಬಾಲದ ಫೋಟೋ ತೆಗೀಬೇಕಂದ್ರೆ ನಾನು ಅದು ಹೊರಗೆ ಬರೋ ದಾರೀಲೇ ನಿಲ್ಬೇಕಿತ್ತು. ಹಿಂದೆ ಬಂದ್ಬಿಟ್ಟೆ."

ಫೋನ್ ಕೊಟ್ಟ. ಪರದೆಯ ಮೇಲೆ ಮೀನಿಲ್ಲ. ಅದು ಎದ್ದು ಹೋದ ಮೇಲೆ ಮರಳಿನಲ್ಲಿ ಉಳಿದ ದೊಡ್ಡ ದುಂಡು ಗುಳಿ, ಅದರ ಮೇಲೆ ಆ ಹಳದಿ ಟೇಪು. ಇಂಥವನನ್ನು ಅಹಮದಾಬಾದಿಗೆ ಕಳಿಸಿ ನಾನು ಹೇಗಿರಲಿ!

"ಜಾತಿಯ ಹೆಸರಿನ ಮುಂದೆ 'ಬಹುಶಃ' ಅಂತ ಬರೀತೇನೆ," ಎಂದೆ.

"ಸರಿ ಮೇಡಂ. ಹಾಗಾದ್ರೆ... ಬರ್ಲಾ?"

"ಎಂತದು ಬರ್ಲಾ? ಕೇಳ್ಲಿಕ್ಕಿದ್ದ ಮಾತು ಎಲ್ಲಿ? ಮೂರು ಮೀಟರ್ ಹೇಳಿದ್ದು ತೊರಕೆಗೆ, ನಂಗಲ್ಲ!"

ಅವನು ಹತ್ತಿರ ಬಂದ. ಮೊದಲ ಸಲ, ಉಸಿರು ಕೇಳುವಷ್ಟು.

"ನನ್ನ ಮದ್ವೆ ಆಗ್ತೀರಾ? ಆದ್ರೆ ಅಹಮದಾಬಾದಲ್ಲಿ ಸಮುದ್ರ ಇಲ್ಲ..."

"ಅದೇ ಗುಜರಾತಿನ ವೆರಾವಲಿನಲ್ಲಿ ಉಂಟು. ನಮ್ಮ ಲ್ಯಾಬಿನ ಶಾಖೆಯೂ ಉಂಟು. ಶುಕ್ರವಾರವೇ ವರ್ಗ ಕೇಳಿದ್ದೇನೆ."

"ಶುಕ್ರವಾರನಾ? ನಾನು ಸಮುದ್ರಕ್ಕೆ ಇಳಿಯೋಕೂ ಮುಂಚೆ?"

"ಬಾಲದ ಫೋಟೋ ನೋಡಿಯೇ ಎಲ್ಲರನ್ನೂ ಗುರುತಿಸ್ಬೇಕು ಅಂತ ಇಲ್ಲ," ಎಂದು ಅವನ ಕೈಯಿಂದ ಚಿಪ್ಸ್ ಕಸಿದುಕೊಂಡೆ. ಕೈಯನ್ನು ಬಿಡಲಿಲ್ಲ.