ಅಣ್ಣ ಅಂದ್ರೆ ಅತ್ತ

ಪರದೆಯ ಮೇಲೆ "ಅತ್ತ" ಎಂದು ಮೂಡಿದ್ದೇ ತಡ, ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಪಟಾಕಿ ಬೆಪ್ಪಾಗಿ ನಿಂತಳು. ಬಾಯಿಗೆ ಬಿಡುವೇ ಕೊಡದ ಹುಡುಗಿಗೆ ಮನೆಯವರು ಇಟ್ಟ ಹೆಸರದು. ಇಂಥವಳು ಮೆಸೇಜನ್ನು ಗುಟ್ಟಾಗಿಡುವ ಆ್ಯಪ್ ಮಾಡುತ್ತಾಳಂತೆ ಎಂದು ಅಮ್ಮ ವಾರವಿಡೀ ನಕ್ಕಿದ್ದರು.

ಆ್ಯಪಿನ ಉಪಾಯ ಸುಲಭ. ಸ್ವರ ಇದ್ದಲ್ಲೇ ಇರುತ್ತದೆ, ವ್ಯಂಜನ ಮಾತ್ರ ವರ್ಣಮಾಲೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. "ಮರ" ಎಂದು ಬರೆದರೆ "ಯಲ" ಆಗುತ್ತದೆ. ಬೀಗ ತೆಗೆಯುವ ಬಟನ್ ಒತ್ತಿದರೆ ಮತ್ತೆ "ಮರ".

ಯಾವುದಾದರೂ ಪದ ಹಾಕು ಎಂದು ಕಂಪ್ಯೂಟರ್ ಮಿಸ್ ಹೇಳಿದಾಗ, ಪ್ರಾಜೆಕ್ಟ್ ನೋಡಲು ಬಂದು ಕೊನೇ ಬೆಂಚಿನಲ್ಲಿ ಕುಳಿತಿದ್ದ ಅಣ್ಣ ಕಣ್ಣಿಗೆ ಬಿದ್ದ. ಅವಳು "ಅಣ್ಣ" ಎಂದು ಟೈಪ್ ಮಾಡಿದಳು. ಣ ಆದಮೇಲೆ ತ ಬರುತ್ತದೆಂಬುದು ಹೊಳೆದೇ ಇರಲಿಲ್ಲ.

"ಯಾರೇ ಅತ್ತಿದ್ದು?" ಮುಂದಿನ ಬೆಂಚಿನ ದಪ್ಪ ಕನ್ನಡಕದ ಸೋಡಾಬುಡ್ಡಿ ಕೇಳಿದ.

"ನಮ್ಮಣ್ಣ ಅಂತೂ ಅಳ್ಲೇ ಇಲ್ಲ," ಎಂದಳು ಪಟಾಕಿ. "ಕ್ರಿಕೆಟ್ ಟೀಮಿಗೆ ತಗೊಳ್ಳಲಿಲ್ಲ ಅಂತ ಯಾರಾದ್ರೂ ಅಳ್ತಾರಾ?"

ನಗು ನಿಂತಿತು. ಎಲ್ಲರೂ ಹಿಂದಕ್ಕೆ ತಿರುಗಿದರು.

ನಿನ್ನೆ ಸಂಜೆ ಅಣ್ಣ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ. ಯಾರಿಗೂ ಹೇಳಬೇಡ, ಅಮ್ಮನಿಗಂತೂ ಬೇಡವೇ ಬೇಡ ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದ. ಪಟಾಕಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಅಣ್ಣ ಕೆಂಪಗಾಗಿ ಎದ್ದು ನಿಂತ. "ಹೌದು, ಅತ್ತೆ. ಏನೀಗ?"

"ಯಾರಿಗೆ ಅತ್ತೆ?" ಎಂದ ಸೋಡಾಬುಡ್ಡಿ. ಮಿಸ್ಸಿಗೂ ನಗು ತಡೆಯಲಾಗಲಿಲ್ಲ. ಅಣ್ಣ ಮಾತ್ರ ನಗಲಿಲ್ಲ.

ಮನೆಯ ದಾರಿಯಲ್ಲಿ ಅವನು ದಾಪುಗಾಲಿಟ್ಟು ಮುಂದೆ ಮುಂದೆ ನಡೆದ. ನಾಳೆಯೇ ಎರಡು ಹೆಜ್ಜೆಯ ಬೀಗ ಹಾಕುತ್ತೇನೆಂದು ಪಟಾಕಿ ಗೋಗರೆದಳು.

"ಬೀಗ ಸರಿಯಾಗೇ ಇತ್ತು ಕಣೇ," ಎಂದ ಅಣ್ಣ. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಊಟಕ್ಕೆ ಕುಳಿತಾಗ ಟೀಮಿನ ವಿಷಯ ಏನಾಯಿತೆಂದು ಅಮ್ಮ ಕೇಳಿದರು. ಅಣ್ಣ ತಟ್ಟೆ ನೋಡತೊಡಗಿದ. ಅಮ್ಮ ಪಟಾಕಿಯತ್ತ ತಿರುಗಿದರು. ಮನೆಯ ಸುದ್ದಿಯೆಲ್ಲ ಸಿಗುವುದು ಅಲ್ಲೇ ತಾನೇ.

ಉತ್ತರ ಅವಳ ನಾಲಿಗೆಯ ತುದಿಗೇ ಬಂದಿತ್ತು. ದೊಡ್ಡ ತುತ್ತೊಂದನ್ನು ಬಾಯಿಗೆ ತುರುಕಿಕೊಂಡಳು. ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು.

"ತಗೊಳ್ಳಲಿಲ್ಲಮ್ಮ," ಅಣ್ಣ ಮೆಲ್ಲಗೆ ಹೇಳಿದ. "ನಂಗೆ ಅಳುನೇ ಬಂದುಬಿಡ್ತು."

ಅಮ್ಮನ ಕೈ ಅವನ ತಲೆ ಸವರಿತು. ಬೀಗ ತೆಗೆಯಬೇಕಾದವನೇ ತೆಗೆದಿದ್ದ. ಪಟಾಕಿ ಆಗಷ್ಟೇ ತುತ್ತು ನುಂಗಿದಳು.