ಉಪ್ಪಿನ ರಾಣಿಯ ಕಣ್ಣು

ಜೂನ್ ಎಂಟು, ಸೋಮವಾರ ಬೆಳಿಗ್ಗೆ ಆಕ್ಲೆಂಡಿನ ಈಸ್ಟ್ ತಮಾಕಿ ಕಡೆಯ ಠಾಣೆಗೆ ಒಬ್ಬ ಜಪಾನಿ ಹೆಂಗಸು ಬಂದರು. ವಯಸ್ಸು ಎಪ್ಪತ್ತರ ಹತ್ತಿರ, ಎರಡೂ ಕೈ ಕೋಟಿನ ಜೇಬಿನಲ್ಲಿ. ಹೆಸರು ಹಯಾಮಿ ಕಿನುಯೊ, ಕಸುಬು ಮಾಂಗಾ, ಅಂದರೆ ಜಪಾನಿ ಚಿತ್ರಕತೆ. ದೂರು: ಶನಿವಾರ ಸಂಜೆ ಸ್ಟುಡಿಯೊದ ಕಿಟಕಿ ಒಡೆದು, ‘ಉಪ್ಪಿನ ರಾಣಿ’ಯ ಕೊನೆಯ ಅಧ್ಯಾಯದ ಮೂಲಹಾಳೆಗಳನ್ನು ಯಾರೋ ಕದ್ದಿದ್ದಾರೆ.

ದೂರು ಬರೆದುಕೊಂಡವಳು ಡಿಟೆಕ್ಟಿವ್ ಕಾತ್ಯಾಯಿನಿ. ಮೈಸೂರಿನವಳು, ಆಕ್ಲೆಂಡಿನಲ್ಲಿ ಖಾಕಿಯಿಲ್ಲದ ಪೊಲೀಸು.

“ನಕಲು ಇಲ್ಲವೆ?”

“ಪೂರ್ತಿ ಮುಗಿಯದೆ ಸ್ಕ್ಯಾನ್ ಮಾಡಲು ನಾನು ಬಿಡುವುದಿಲ್ಲ. ಶುಕ್ರವಾರ ಪ್ರದರ್ಶನ. ಹಾಳೆ ಸಿಗದಿದ್ದರೆ ನನ್ನ ಇಡೀ ಬದುಕಿನ ಕೆಲಸಕ್ಕೆ ಕೊನೆಯೇ ಇಲ್ಲ.”

ಸಹಿ ಹಾಕಿ ಎಂದರೆ, “ಆಮೇಲೆ” ಎಂದರು. ಜೇಬಿನಿಂದ ಕೈ ಹೊರಬರಲಿಲ್ಲ. ದೊಡ್ಡವರ ಬಿಗುಮಾನ ಇರಬೇಕು ಎಂದುಕೊಂಡು ಕಾತ್ಯಾಯಿನಿ ಸುಮ್ಮನಾದಳು.

ಈಕೆಯ ಚರಿತ್ರೆ ಅವಳಿಗೆ ಬಾಯಿಪಾಠವಾಗಿತ್ತು. ಹೇಳಿದವಳು ಗಾನವಿ, ಎಂಟು ವರ್ಷದಿಂದ ಹಯಾಮಿಯವರ ಸಹಾಯಕಿ. ಮೈಸೂರಿನಲ್ಲೇ ಚಿತ್ರಕಲೆ ಕಲಿತ ಈ ಹುಡುಗಿ ಪ್ರತಿ ಭಾನುವಾರ ಕಾತ್ಯಾಯಿನಿಯ ಮಗಳು ಪೂರ್ವಿಗೆ ಡ್ರಾಯಿಂಗ್ ಹೇಳಿಕೊಟ್ಟು, ಬಿಸಿಬೇಳೆಬಾತು ಉಂಡು ಹೋಗುತ್ತಿದ್ದಳು. ಊಟದ ಜೊತೆಗೆ ಅವಳ ಗುರುಗಳ ಕತೆ ಇದ್ದೇ ಇರುತ್ತಿತ್ತು. ಹಯಾಮಿ ಇಪ್ಪತ್ತಕ್ಕೇ ಟೋಕಿಯೊದ ಹುಡುಗಿಯರ ಮಾಸಿಕಕ್ಕೆ ದೆವ್ವದ ಕತೆ ಬರೆದರಂತೆ; ಓದಿದ ಹುಡುಗಿಯರು ದೀಪ ಆರಿಸದೆ ಮಲಗುತ್ತಿದ್ದರಂತೆ. ಮಾಸಿಕ ಮುಚ್ಚಿತು. ಹೆಂಗಸಿಗೆ ಕತ್ತಿ, ಕೋಟೆಯ ಕತೆ ಒಗ್ಗುವುದಿಲ್ಲ ಎಂದು ಸಂಪಾದಕರು ಮೂಗು ಮುರಿದರು. ಆ ಹಟಕ್ಕೇ ಹುಟ್ಟಿದ್ದು ‘ಉಪ್ಪಿನ ರಾಣಿ’: ನಂಬಿದ ದಳಪತಿಯ ಕೈಯಲ್ಲೇ ಸತ್ತು, ಉಪ್ಪಿನ ಗುಡ್ಡದಿಂದ ಎದ್ದುಬರುವ ರಾಣಿ. ಮೂಗು ಮುರಿದವರೇ ಮುಂದೆ ಹಾರ ಹಾಕಿದರು! ಗಂಡ ತೀರಿಕೊಂಡ ಮೇಲೆ ಹಯಾಮಿ ಗದ್ದಲ ಬೇಡವೆಂದು ಆಕ್ಲೆಂಡಿಗೆ ಬಂದು, ಒಂದು ಗೋದಾಮಿನ ಮೇಲ್ಮಹಡಿ ಹಿಡಿದರು. ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೋಟೆ, ಕೂದಲು, ಕತ್ತಲು ಎಲ್ಲವನ್ನೂ ಸಹಾಯಕರು ಬಿಡಿಸುತ್ತಾರೆ. ಮುಖ ಗುರುವಿನದು, ಕಣ್ಣಂತೂ ಗುರುವಿನದೇ.

ಹತ್ತೂವರೆಗೆ ಸ್ಥಳ ಪರಿಶೀಲನೆ. ನಮ್ಮೂರಾದರೆ ಪಂಚನಾಮೆಗೆ ಬೀದಿಯಿಂದ ಇಬ್ಬರು ಪಂಚರನ್ನು ಎಳೆತರಬಹುದಿತ್ತು; ಈ ಗೋದಾಮುಗಳ ನಡುವೆ ಫೋರ್ಕ್‌ಲಿಫ್ಟ್ ಬಿಟ್ಟರೆ ಯಾರೂ ಇಲ್ಲ. ಟೊಂಗಾ ಮೂಲದ ಕಾನ್‌ಸ್ಟೆಬಲ್ ಟೆವಿಟಾ ಕ್ಯಾಮೆರಾ ಹಿಡಿದ. ಕಿಟಕಿಯ ಗಾಜು ಪುಡಿಪುಡಿ. ದಿಂಬು, ಟೀ ಬಟ್ಟಲು, ಡ್ರಾಯರು ಎಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿ.

“ಪುಂಡರ ಕೆಲಸ” ಎಂದ ಟೆವಿಟಾ.

ಕಾತ್ಯಾಯಿನಿ ಸೋಫಾದ ಮೇಲಿನ ಕಾಗದದ ಕಟ್ಟು ಎತ್ತುವಾಗ ಒಂದು ಹಾಳೆ ಜಾರಿ ಅವಳ ಬೂಟಿಗೆ ತಾಗಿತು. ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಂಡಳು.

“ಏನದು?”

“ಕಾಗದ ಅಂದರೆ ಸರಸ್ವತಿ. ಕಾಲು ತಾಗಬಾರದು.”

ಹೇಳಿದವಳು ಅಲ್ಲೇ ನಿಂತುಬಿಟ್ಟಳು. ಇಡೀ ಕೋಣೆಯನ್ನು ಬುಡಮೇಲು ಮಾಡಿದ ಕಳ್ಳ ಒಂದೇ ಒಂದು ಪುಸ್ತಕವನ್ನಾಗಲಿ ಹಾಳೆಯನ್ನಾಗಲಿ ನೆಲಕ್ಕೆ ಹಾಕಿರಲಿಲ್ಲ. ಅಷ್ಟನ್ನೂ ಸೋಫಾದ ಮೇಲೆ ಜೋಡಿಸಿಟ್ಟು, ಆಮೇಲೆ ಬಟ್ಟಲು ಒಡೆದಿದ್ದ. ಅಯ್ಯೋ, ಗಾನವಿಯಾ! ಈ ಸ್ಟುಡಿಯೊದಲ್ಲಿ ಕಾಗದಕ್ಕೆ ಕೈಮುಗಿಯುವವಳು ಅವಳೊಬ್ಬಳೇ.

ಮಧ್ಯಾಹ್ನ, ಬಾಟನಿ ಡೌನ್ಸ್‌ನಲ್ಲಿ ಗಾನವಿಯ ಫ್ಲಾಟು.

“ಶನಿವಾರ ಸಂಜೆ ಎಲ್ಲಿದ್ದೆ?”

“ಇಲ್ಲೇ ಇದ್ದೆ ಅಕ್ಕ. ಫ್ಲಾಟ್‌ಮೇಟ್‌ನ ಕೇಳಿ ಬೇಕಾದ್ರೆ.”

“ಸ್ಟುಡಿಯೊ ಬೀಗದ ಕೈ?”

“ನನ್ ಹತ್ರಾನೂ ಒಂದಿದೆ. ಕೀ ಇರೋಳು ಕಿಟಕಿ ಯಾಕ್ ಒಡೀಲಿ?”

“ಬುಕ್ಸ್ ನೆಲಕ್ಕೆ ಹಾಕಕ್ಕೆ ಮನಸ್ಸು ಬರ್ಲಿಲ್ವಾ?”

ಗಾನವಿ ತಲೆಯೆತ್ತಲಿಲ್ಲ. “ನನ್ ಮೇಲೇ ಡೌಟಾ ಅಕ್ಕ?” ಎಂದಳು. ದನಿ ಅಳುವಂತಿತ್ತು. ಅವಳ ಒಪ್ಪಿಗೆಯಿಂದಲೇ ಟೆವಿಟಾ ಫ್ಲಾಟು ಶೋಧಿಸಿದ. ಒಂದು ಹಾಳೆಯೂ ಸಿಗಲಿಲ್ಲ. “ಸರಸ್ವತಿಯನ್ನು ಸಾಕ್ಷಿಗೆ ಕರೆಯೋಕಾಗಲ್ಲ, ಬಾಸ್” ಎಂದ. ಕಾತ್ಯಾಯಿನಿಗೆ ಒಳಗೊಳಗೇ ಹಾಯೆನಿಸಿತು. ಅನುಮಾನಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಸಂಜೆ ಮನೆಗೆ ಬಂದು, ಕೈ ಸುಮ್ಮನಿರಲಾರದೆ ವ್ಯಾಕ್ಯೂಮ್ ಹಿಡಿದಳು. ಪೂರ್ವಿ ಬಾಗಿಲಿಗೆ ಅಡ್ಡ ನಿಂತಳು.

“ನಾಟ್ ಅಂಡರ್ ಮೈ ಬೆಡ್, ಅಮ್ಮಾ! ಗಾನವಿ ಆಂಟೀಸ್ ಫೋಲ್ಡರ್ ಈಸ್ ದೇರ್.”

“ಯಾವಾಗ ಇಟ್ಟಿದ್ದು?”

“ಯೆಸ್ಟರ್ಡೇ. ಶಿ ಸೆಡ್ ಇಟ್ಸ್ ಅ ಸರ್ಪ್ರೈಸ್.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಮಂಚದ ಕೆಳಗೆ ಕಪ್ಪು ಫೋಲ್ಡರು; ಒಳಗೆ ಹಾಳೆಹಾಳೆಯ ನಡುವೆ ತೆಳುಗಾಗದ ಹಾಕಿ ಜೋಪಾನ ಮಾಡಿದ ಉಪ್ಪಿನ ರಾಣಿ. ಉಂಡ ಮನೆಗೇ ಎರಡು ಬಗೆದಳಲ್ಲ ಎಂದು ಕಾತ್ಯಾಯಿನಿಗೆ ಮೈಯೆಲ್ಲ ಉರಿಯಿತು. ಸದ್ದಿಲ್ಲದೆ ಸ್ಟುಡಿಯೊ ಬಾಗಿಲಲ್ಲಿ ಇಟ್ಟುಬಂದರೆ ಹುಡುಗಿ ಉಳಿಯುತ್ತಾಳೆ ಎಂಬ ಯೋಚನೆಯೂ ಸುಳಿಯಿತು. ಆದರೆ ಪೂರ್ವಿ ನೋಡುತ್ತಿದ್ದಳು. ಫೋನ್ ತೆಗೆದು, “ಟೆವಿಟಾ, ಕ್ಯಾಮೆರಾ ತಗೊಂಡು ನನ್ನ ಮನೆಗೇ ಬಾ. ಇನ್ನು ಈ ಕೇಸು ನಿನ್ನದು” ಎಂದಳು.

ಏಳೂ ಕಾಲಿಗೆ ಗಾನವಿಯ ಬಂಧನ. ಏನೂ ಹೇಳಬೇಕಾಗಿಲ್ಲ, ವಕೀಲರನ್ನು ಕರೆಯಬಹುದು ಎಂದು ಟೆವಿಟಾ ಓದಿ ಹೇಳಿದ. ಅವಳು ಅವನನ್ನು ಬಿಟ್ಟು, ಜೊತೆಗೆ ಬಂದಿದ್ದ ಕಾತ್ಯಾಯಿನಿಯ ಕಡೆಗೇ ನೋಡುತ್ತಿದ್ದಳು.

“ನನ್ ಮಗಳ ಮಂಚದ ಕೆಳಗೇ ಬೇಕಿತ್ತೇನೇ ನಿಂಗೆ?”

“ನಿಮ್ಮನೇಲಾದ್ರೆ ಯಾರೂ ಹುಡುಕಲ್ಲ ಅನ್ಕೊಂಡೆ. ತಪ್ಪಾಯ್ತು ಅಕ್ಕ.”

“ಯಾಕೆ ಕದ್ದೆ?”

“ಮೂರು ವರ್ಷದಿಂದ ಅವರ ಕೈ ನಡುಗತ್ತೆ. ಪೆನ್ನೇ ಹಿಡಿಯಕ್ಕಾಗಲ್ಲ. ಕತೆ ಅವ್ರದು, ಗೆರೆ ಪೂರ್ತಿ ನಂದು. ಮುಖ ನಂದು, ಕಣ್ಣೂ ನಂದೇ. ಕೊನೇ ಬುಕ್ಕಲ್ಲಿ ನಿನ್ ಹೆಸರು ನನ್ ಹೆಸರಿನ ಪಕ್ಕದಲ್ಲಿ ಅಂತ ಪ್ರಾಮಿಸ್ ಮಾಡಿದ್ರು. ಹೋದ ವಾರ ಎಕ್ಸಿಬಿಷನ್ ಕ್ಯಾಟಲಾಗ್ ಬಂತು. ‘ಮೊದಲಿಂದ ಕೊನೆವರೆಗೂ ಒಂದೇ ಕೈ’ ಅಂತ ಪ್ರಿಂಟಾಗಿದೆ.”

“ಕೇಳ್ಲಿಲ್ವಾ?”

“ಕೇಳ್ದೆ. ಸಹಾಯಕರಿಗೆ ಕೈ ಇರತ್ತೆ, ಹೆಸರು ಇರಲ್ಲ ಅಂದ್ರು.”

“ಅಷ್ಟು ಸಿಟ್ಟಿದ್ರೆ ಹರಿದು ಹಾಕ್ಬೋದಿತ್ತು.”

“ನಾನ್ ಬರ್ದಿದ್ದನ್ನ ನಾನೇ ಹರಿಯೋದಾ?” ಎಂದು ಗಾನವಿ ಬಿಕ್ಕಿ ಬಿಕ್ಕಿ ಅತ್ತಳು. “ಕೊನೇ ಹಾಳೇಲಿ ಕಣ್ಣು ಮಾತ್ರ ಬಾಕಿ ಇತ್ತು. ಎಷ್ಟು ಕೂತ್ರೂ ಕೈ ಓಡ್ಲಿಲ್ಲ ಅಕ್ಕ.”

ಮರುದಿನ ಹಯಾಮಿ ಠಾಣೆಗೆ ಬಂದು ಹಾಳೆಗಳನ್ನು ನೋಡಿದರು. ಕೊನೆಯ ಹಾಳೆಯಲ್ಲಿ ರಾಣಿ ನೇರ ಎದುರಿಗೆ ನಿಂತಿದ್ದಳು. ಕಣ್ಣಿನ ಜಾಗ ಬರೀ ಬಿಳಿ.

“ಇವು ನಿಮ್ಮವೆ?” ಎಂದು ಕೇಳಿದ ಟೆವಿಟಾ.

“ನನ್ನವು.”

“ಬಿಡಿಸಿದವರು?”

“ನಾನು. ಕಣ್ಣನ್ನು ಬೇಕೆಂದೇ ಬಿಟ್ಟಿದ್ದೇನೆ.”

ಹಾಳೆಗಳನ್ನು ವಾಪಸು ಪಡೆದ ರಸೀದಿಗೆ ಸಹಿ ಮಾಡಲು ಕೈ ಹೊರಬರಲೇಬೇಕಾಯಿತು. ಪೆನ್ನು ಗಡಗಡ ನಡುಗಿ, ಸಹಿ ಗೆರೆ ದಾಟಿ ಎಲ್ಲೋ ಹೋಯಿತು. ಮೂಲೆಯಲ್ಲಿ ನಿಂತಿದ್ದ ಕಾತ್ಯಾಯಿನಿ ಅದನ್ನು ನೋಡಿದಳು. ಅವಳು ನೋಡಿದ್ದು ಹಯಾಮಿಯವರಿಗೂ ಗೊತ್ತಾಯಿತು. ಅವರು ಕೈಯನ್ನು ಮತ್ತೆ ಜೇಬಿಗಿಳಿಸಿ ಹೊರಟುಹೋದರು.

ಶುಕ್ರವಾರ ಪ್ರದರ್ಶನ ನಡೆಯಿತು. ಜನರೆಲ್ಲ ಮುತ್ತಿಕೊಂಡದ್ದು ಕಣ್ಣಿಲ್ಲದ ರಾಣಿಯ ಮುಂದೆ. ಕಣ್ಣೇ ಬರೆಯದೆ ಇಷ್ಟು ಹೆದರಿಸಲು ಇಂಥ ಪಳಗಿದ ಕೈಯೇ ಬೇಕು ಎಂದು ಒಬ್ಬರಿಗಿಂತ ಒಬ್ಬರು ಹೊಗಳಿದರು. ಹಯಾಮಿ ತಲೆಬಾಗಿ ಕೇಳಿಸಿಕೊಂಡರು.

ಸೋಮವಾರ ಟೆವಿಟಾ ಕಳಿಸಿದ ಕಡತವನ್ನು ಕಾತ್ಯಾಯಿನಿ ಓದಿದಳು. ವಶಪಡಿಸಿಕೊಂಡ ವಸ್ತುಗಳ ವಿವರದಲ್ಲಿ ಅವನು ಹೀಗೆ ಬರೆದಿದ್ದ: ಶಾಯಿಯ ಚಿತ್ರಗಳು, ಬಿಡಿಸಿದವರು ಗಾನವಿ, ಆರೋಪಿಯ ಹೇಳಿಕೆಯಂತೆ. ಉಪ್ಪಿನ ರಾಣಿಯ ಪಕ್ಕದಲ್ಲಿ ಆ ಹುಡುಗಿಯ ಹೆಸರು ಬಿದ್ದದ್ದು ಅದೊಂದೇ ಕಡೆ, ಅವಳ ಮೇಲಿನ ಕಳ್ಳತನದ ಕೇಸಿನಲ್ಲಿ.