ಕಾಲಿನ ಬೆಲ್ಟ್ ಆಯ್ತಾ

ಫೆಬ್ರವರಿ ಹದಿಮೂರು, ಗುರುವಾರ, ಬೆಳಿಗ್ಗೆ ಹತ್ತೂವರೆ. ಹೊಳಲಿನ ಮಹದೇವಮ್ಮ ದೂರು ಕೊಡಲು ಕಲ್ಲುಗುಡ್ಡ ಪೊಲೀಸ್ ಠಾಣೆಗೆ ಬಂದಳು. ಹಿಂದಿನ ದಿನವಷ್ಟೇ ಸತ್ತ ಮಗಳ ಹಾಲುತುಪ್ಪದ ಕಾರ್ಯ ಮುಗಿದಿತ್ತು. ಬೆಂಚಿನ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ‘ಏನಮ್ಮ’ ಅನ್ನಲಿಲ್ಲ. ಕೊನೆಗೆ ತಾನೇ ಎದ್ದು ಇನ್‌ಸ್ಪೆಕ್ಟರ್ ಜಯಪ್ರಕಾಶನ ಮೇಜಿನ ಮುಂದೆ ಹೋಗಿ ನಿಂತಳು.

ವಿಷಯ ಜಯಪ್ರಕಾಶನಿಗೆ ಗೊತ್ತಿದ್ದದ್ದೇ. ಅವಳ ಮಗಳು ಬಿಂದುಶ್ರೀ, ಇಪ್ಪತ್ತೈದು ವರ್ಷ, ಮಂಡ್ಯದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಭಾನುವಾರ ಬೆಳಿಗ್ಗೆ ಗೆಳತಿ ದೀಪಿಕಳ ಜೊತೆ ಬಂದು ಕಲ್ಲುಗುಡ್ಡದ ಮೇಲಿಂದ ಪ್ಯಾರಾಗ್ಲೈಡರ್‌ನಲ್ಲಿ ಹಾರಿದ್ದಳು. ಇಬ್ಬರನ್ನು ಹೊರುವ ದೊಡ್ಡ ರೆಕ್ಕೆ ಅದು. ಹಿಂದೆ ಪೈಲಟ್, ಮುಂದೆ ಪ್ರಯಾಣಿಕ, ಇಬ್ಬರಿಗೂ ಬೆಲ್ಟಿನ ಕುರ್ಚಿ. ಹಾರಿದ ಸ್ವಲ್ಪ ಹೊತ್ತಿಗೆ ಹುಡುಗಿ ಕಬ್ಬಿನ ಗದ್ದೆಗೆ ಬಿದ್ದು ಸತ್ತಳು. ಪೈಲಟ್ ಬೆಸಗರಹಳ್ಳಿಯ ಪುನೀತ್ ಒಬ್ಬನೇ ಇಳಿದ. ಜನ ಓಡಿಬಂದಾಗ, ‘ಬೆಲ್ಟ್ ಬಿಚ್ಕೊಂಡು ಹಾರ್ಕೊಂಡ್ಬುಟ್ಳು’ ಅಂದ. ನೋಡಿದರೆ ಎದೆಯದೊಂದು, ಕಾಲಿನವೆರಡು, ಮೂರೂ ಬಕಲ್ ಬಿಚ್ಚಿದ್ದವು.

ಮುಂದಿನ ತಿಂಗಳು ಬಿಂದುಶ್ರೀಗೆ ಮದುವೆ ಗೊತ್ತಾಗಿತ್ತು. ಊರ ಬಾಯಿಗೆ ಅಷ್ಟು ಸಾಕಲ್ಲ! ಗಂಡು ಇಷ್ಟವಿರಲಿಲ್ಲ ಅಂತ ಒಬ್ಬರು, ಬೇರೆ ಯಾರೋ ಇದ್ದ ಅಂತ ಇನ್ನೊಬ್ಬರು. ಠಾಣೆಯೂ ಊರಿಗಿಂತ ಮೇಲೇನಲ್ಲ. ಅಸ್ವಾಭಾವಿಕ ಸಾವು ಅಂತ ದಾಖಲಿಸಿ ಕೈ ತೊಳೆದುಕೊಂಡಿತ್ತು.

“ನನ್ ಮಗ್ಳು ಆರ್ಕೊಳ್ಳಿಲ್ಲ ಸ್ವಾಮಿ,” ಅಂದಳು ಮಹದೇವಮ್ಮ. “ಅದ ನೀವು ಬರೀಬೇಕು.”

“ನಿಮಗೆ ಹೇಗೆ ಗೊತ್ತಮ್ಮ?”

“ಮೈ ತೊಳ್ದೋಳು ನಾನು. ಎಲ್ಡೂ ಕಂಕುಳಲ್ಲಿ ಬಾಸುಂಡೆ ಇದ್ವು. ಆರ್ಕೊಳ್ಳೋರ್ಗೆ ಕಂಕುಳಲ್ಲಿ ಯಾಕ್ ಬಾಸುಂಡೆ ಬತ್ತವೆ?”

ಜಯಪ್ರಕಾಶನಿಗೆ ರೇಗಿತು. ಅವಳು ಪರಿಹಾರ ಕೇಳಲಿಲ್ಲ, ಯಾರನ್ನೂ ಗಲ್ಲಿಗೇರಿಸಿ ಅನ್ನಲಿಲ್ಲ. ಹಾಲುತುಪ್ಪಕ್ಕೆ ಬಂದ ಹೆಂಗಸರು ಎಲೆ ಮುಂದೆ ಕೂತುಕೊಂಡೇ ನಿನ್ನ ಮಗಳು ಯಾರನ್ನಾದರೂ ಇಷ್ಟಪಟ್ಟಿದ್ದಳಾ ಅಂತ ಕೇಳಿದರಂತೆ. ಆ ಮಾತಿಗೆ ಒಂದು ಸರ್ಕಾರಿ ಕಾಗದದ ಉತ್ತರ ಬೇಕಿತ್ತು ಅವಳಿಗೆ, ಅಷ್ಟೆ. ಬರೆಸದೆ ಎದ್ದು ಹೋಗುವವಳಂತೆ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿರ್ಲಕ್ಷ್ಯದಿಂದ ಸಾವು ಅಂತ ಬಿಎನ್‌ಎಸ್ 106(1)ರ ಅಡಿ ಎಫ್‌ಐಆರ್ ದಾಖಲಾಯಿತು.

ಜಯಪ್ರಕಾಶ್ ಹೆಡ್ ಕಾನ್‌ಸ್ಟೆಬಲ್ ತಿಮ್ಮಯ್ಯನನ್ನು ಕರೆದು, ಜಪ್ತಿ ಮಾಡಿದ ರೆಕ್ಕೆ ಬೆಲ್ಟು ತೋರಿಸಿ ಅಂದ. ತಿಮ್ಮಯ್ಯ ಗೋಡೆ ನೋಡಿದ. ಅವು ಇನ್ನೂ ಪುನೀತನ ಶೆಡ್ಡಿನಲ್ಲೇ ಇದ್ದವು.

“ಭಾನುವಾರವೇ ಪಂಚನಾಮೆ ಮಾಡಿ ತನ್ನಿ ಅಂದಿದ್ನಲ್ರೀ. ಆಯ್ತು ಅಂದ್ರಲ್ಲ?”

“ಆಯ್ತು ಅಂದೆ ಸಾರ್. ಆಮೇಲೆ ಬಂದೋಬಸ್ತ್ ಡ್ಯೂಟಿ ಬಂತು.”

ಆಯ್ತು ಅಂತೆ, ಆಯ್ತು! ಜಯಪ್ರಕಾಶ್ ಹಲ್ಲು ಕಚ್ಚಿಕೊಂಡು ಜೀಪು ಹತ್ತಿದ.

ಪುನೀತನ ಶೆಡ್ಡು ಬೆಸಗರಹಳ್ಳಿಯ ಹೊರಗಿತ್ತು, ದೇವರ ಕೋಣೆಯಷ್ಟು ಚೊಕ್ಕಟ. ಮೂವತ್ತೆರಡರ ಹುಡುಗ, ಮಾತು ಕಡಿಮೆ. ತಿಮ್ಮಯ್ಯ ರೆಕ್ಕೆಯನ್ನು ಅಂಗಳದ ಬಿಸಿಲಿಗೆ ಎಳೆಯಹೋದರೆ, ಬಿಸಿಲಿಗೆ ಬಟ್ಟೆ ಸಾಯುತ್ತದೆ, ನೆರಳಿನಲ್ಲಿ ಬಿಚ್ಚಿ ಅಂತ ಅಡ್ಡ ಬಂದ. ಒದ್ದೆಯಿದ್ದಾಗ ಮಡಚುವುದಿಲ್ಲವಂತೆ. ಹಾರುವ ಮುಂಚೆ ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡುತ್ತಾನಂತೆ. ಎಳೆ ಎದ್ದಿದ್ದರೆ ಆ ದಿನ ಹಾರಾಟವೇ ಇಲ್ಲ, ಗಾಳಿ ನೋಡಲು ಗುಡ್ಡದ ಮೇಲೆ ಕಟ್ಟಿದ ಬಟ್ಟೆ ಜಾಸ್ತಿ ಪಟಪಟ ಅಂದರೂ ಇಲ್ಲ. ಬಂದವರು ಬೈದುಕೊಂಡು ವಾಪಸು ಹೋಗಬೇಕು. ಎಲ್ಲವನ್ನೂ ಜಪ್ತಿ ಮಾಡಿ ಠಾಣೆಗೆ ತರುವಾಗ, ಇಷ್ಟು ಜೋಪಾನದವನ ಕೈಯಲ್ಲಿ ಜೀವ ಹೇಗೆ ಹೋಯಿತು ಅಂತ ಜಯಪ್ರಕಾಶನಿಗೆ ತಲೆ ಕೆಟ್ಟಿತು.

ಬೆಂಗಳೂರಿನಿಂದ ಬರಬೇಕಾದ ಪ್ಯಾರಾಗ್ಲೈಡಿಂಗ್ ತಜ್ಞ ಇವತ್ತು ನಾಳೆ ಅಂತ ಆಟ ಆಡಿಸಿ, ಹತ್ತೊಂಬತ್ತಕ್ಕೆ ಬಂದ. ಬಟ್ಟೆ ಚೆನ್ನಾಗಿದೆ, ದಾರ ಚೆನ್ನಾಗಿವೆ, ಆಪತ್ತಿಗೆ ಇಟ್ಟ ಪ್ಯಾರಾಚೂಟನ್ನು ನೀಟಾಗಿ ಮಡಚಿದ್ದಾನೆ, ಬಕಲ್ ಒಂದೂ ಮುರಿದಿಲ್ಲ. ಉಳಿದದ್ದು ಒಂದೇ ನಿಯಮ: ಪ್ರಯಾಣಿಕನ ಬಕಲ್ಲುಗಳನ್ನು ಪೈಲಟ್ ಕೈಯಾರೆ ಹಿಡಿದೆಳೆದು ನೋಡಬೇಕು. ಎಳೆದು ನೋಡಿದೆ ಅಂದ ಪುನೀತ್. ದೀಪಿಕ ಅದನ್ನು ಗಮನಿಸಿರಲಿಲ್ಲ, ಇಲ್ಲ ಅನ್ನಲು ಇನ್ಯಾರಿದ್ದಾರೆ?

ದೀಪಿಕಳ ಮೊಬೈಲಿನಲ್ಲಿ ಒಂದು ವಿಡಿಯೊ ಇತ್ತು. ಬಿಂದುಶ್ರೀ ಮಂಡಿ ದಾಟುವ ಉದ್ದ ಟಾಪಿನ ಚೂಡಿದಾರ್ ಹಾಕಿದ್ದಳು, ಕಾಲಿನ ಬೆಲ್ಟು ಕಾಣುತ್ತಿರಲಿಲ್ಲ. ಮಾತು ಮಾತ್ರ ಸ್ಪಷ್ಟ. ಪುನೀತನ ದನಿ, “ಕಾಲಿನ ಬೆಲ್ಟ್ ಆಯ್ತಾ ಮೇಡಂ?” ಬಿಂದುಶ್ರೀಯ ದನಿ, “ಆಯ್ತು, ಆಯ್ತು.” ಆಮೇಲೆ ಗಾಳಿ ಬಂತು, ಇಬ್ಬರೂ ಓಡಿದರು, ರೆಕ್ಕೆ ಗುಡ್ಡದ ಅಂಚು ದಾಟಿ ಮರೆಯಾಯಿತು. ಹಾಕಿಕೊಂಡದ್ದು ಅವಳ ಬಾಯಲ್ಲೇ ಇದೆ, ಬಿಚ್ಚಿಕೊಂಡವಳೂ ಅವಳೇ ಇರಬೇಕು ಅಂತ ಹೇಳಿ ತಜ್ಞ ಕಾರು ಹತ್ತಿದ.

ಇನ್ನು ಚಿಕ್ಕಬೋರಯ್ಯ. ಹುಡುಗಿ ಬಿದ್ದದ್ದು ಅವನ ಗದ್ದೆಗೆ. ಎರಡು ಸಲ ಹೋದಾಗಲೂ ಅದೇ ಮಾತು: ತಲೆ ಬಗ್ಗಿಸಿ ಕಬ್ಬು ಕಡಿಯುತ್ತಿದ್ದೆ, ಸದ್ದಾದ ಮೇಲೆ ತಿರುಗಿದೆ. ತಲೆ ಮೇಲೆ ಅಷ್ಟಗಲದ ಬಣ್ಣದ ರೆಕ್ಕೆ ಬಂದರೂ ಕತ್ತೆತ್ತದ ಮನುಷ್ಯ ಮಳವಳ್ಳಿ ತಾಲ್ಲೂಕಿನಲ್ಲೇ ಇವನೊಬ್ಬನೇ ಇರಬೇಕು. ಗದರಿದರೂ ಬಾಯಿ ಬಿಡಲಿಲ್ಲ. ಇತ್ತ ಮಹದೇವಮ್ಮ ದಿನಾ ಬಸ್ಸಿನಲ್ಲಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಅದೇ ಜಯಪ್ರಕಾಶನಿಗೆ ಹೆಚ್ಚು ಹಿಂಸೆಯಾಗುತ್ತಿತ್ತು.

ಇಪ್ಪತ್ತೆರಡು, ಶನಿವಾರ. ಅವಳ ಕಂಕುಳ ಬಾಸುಂಡೆಯ ಮಾತು ತಲೆಯಿಂದ ಹೋಗದೆ, ಜಯಪ್ರಕಾಶ್ ಬೆಲ್ಟಿನ ಕುರ್ಚಿಯನ್ನು ಠಾಣೆ ಹಿಂದಿನ ಹುಣಸೆ ಮರಕ್ಕೆ ನೇತುಹಾಕಿಸಿದ. ಇಬ್ಬರು ಪಂಚರನ್ನು ಕರೆಸಿದ. ಮಹಿಳಾ ಕಾನ್‌ಸ್ಟೆಬಲ್ ರಂಜಿತಳಿಗೆ, ಬಿಂದುಶ್ರೀ ಹಾಕಿದ್ದಂಥದೇ ಚೂಡಿದಾರ್ ಹಾಕಿಕೊಂಡು ಬಾ ಅಂದ. ರಂಜಿತ ಸ್ಟೂಲಿನ ಮೇಲೆ ನಿಂತು ಎದೆಯ ಬಕಲ್ ಹಾಕಿಕೊಂಡಳು. ಕಾಲಿನ ಬೆಲ್ಟು ಹಾಕಬೇಕಾದರೆ ಟಾಪು ಎತ್ತಿ, ತೊಡೆ ಸಂದಿಯಿಂದ ತರಬೇಕು. ಎದುರಿಗೆ ನಾಲ್ಕು ಜನ ಗಂಡಸರು. ಜಯಪ್ರಕಾಶ್ ಮರ್ಯಾದೆಗೆ ಮುಖ ಆಚೆ ತಿರುಗಿಸಿದ.

“ಕಾಲಿಂದು ಆಯ್ತೇನಮ್ಮ?”

“ಆಯ್ತು ಸಾರ್.”

ತಿಮ್ಮಯ್ಯ ಸ್ಟೂಲು ಎಳೆದ. ರಂಜಿತ ಸರ್ರನೆ ಕೆಳಕ್ಕೆ ಜಾರಿದಳು. ಎದೆಯ ಬೆಲ್ಟು ಮೇಲೇರಿ ಎರಡೂ ಕಂಕುಳಿಗೆ ಸಿಕ್ಕಿಕೊಂಡಿತು, ಕಾಲು ನೆಲ ಸಿಗದೆ ಒದ್ದಾಡಿದವು. ತಿಮ್ಮಯ್ಯ ಮಂಡಿ ತಬ್ಬಿ ಎತ್ತಿ ಹಿಡಿಯದಿದ್ದರೆ ಬೆಲ್ಟಿನೊಳಗಿಂದ ನುಸುಳಿ ಬಿದ್ದೇಬಿಡುತ್ತಿದ್ದಳು. ಕಾಲಿನ ಬೆಲ್ಟುಗಳು ಎರಡೂ ಬಿಚ್ಚಿಕೊಂಡೇ ತೂಗಾಡುತ್ತಿದ್ದವು.

“ಆಯ್ತು ಅಂದ್ಯಲ್ಲಮ್ಮ!” ಅಂತ ಕೂಗಿದ ಜಯಪ್ರಕಾಶ್.

ರಂಜಿತಳಿಗೂ ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರು. “ಆಯ್ತು ಅಂದ್ರೆ ಹಾಕ್ಕೋತೀನಿ ಅಂತ ಸಾರ್. ನೀವೆಲ್ಲ ಅತ್ಲಾಗೆ ತಿರುಗ್ಲಿ ಅಂತ ಕಾಯ್ತಿದ್ದೆ.”

ಜಯಪ್ರಕಾಶ್ ಮೊಬೈಲು ತೆಗೆದು ವಿಡಿಯೊ ಮತ್ತೆ ಹಾಕಿದ. ಆಯ್ತು, ಆಯ್ತು. ಇಷ್ಟು ದಿನ ಅದು ‘ಹಾಕಿ ಮುಗಿಸಿದೆ’ ಅಂತ ಕೇಳಿಸುತ್ತಿತ್ತು. ಈಗ ‘ಸರಿ, ಹಾಕ್ಕೋತೀನಿ’ ಅಂತ ಕೇಳಿಸಿತು. ಅಷ್ಟರಲ್ಲಿ ಗಾಳಿ ಬಂದಿತ್ತು, ಪುನೀತ್ ಓಡಿ ಅಂದಿದ್ದ, ಹುಡುಗಿ ಓಡಿದ್ದಳು. ಹುಟ್ಟಿದಾಗಿಂದ ಆಡುವ ಮಾತು, ದಿನಾ ತಿಮ್ಮಯ್ಯನ ಬಾಯಲ್ಲಿ ಕೇಳಿ ಉರಿದುಕೊಳ್ಳುವ ಮಾತು, ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಅಂತ ಅವನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ರಂಜಿತ ಒಳಗೆ ಹೋಗಿ ಬಂದು, ಕಂಕುಳಲ್ಲಿ ಕೆಂಪಗೆ ಬಾಸುಂಡೆ ಎದ್ದಿದೆ ಅಂದಳು. ಅಂದರೆ ಬಿಂದುಶ್ರೀ ಬೀಳುವಾಗ ಎದೆಯ ಬಕಲ್ ಹಾಕಿಯೇ ಇತ್ತು, ಬಿಚ್ಚಿದ್ದು ಆಮೇಲೆ. ಬಿಚ್ಚಿದವರು ಯಾರು ಅಂತ ಇನ್ನು ಹುಡುಕಬೇಕಿರಲಿಲ್ಲ. ಜಯಪ್ರಕಾಶ್ ಪಂಚರ ಸಹಿ ಹಾಕಿಸಿದ.

ಅಂದೇ ಸಂಜೆ ಚಿಕ್ಕಬೋರಯ್ಯನ ಹತ್ತಿರ ಹೋದ. ಈ ಸಲ ಗದರಲಿಲ್ಲ. ಹುಡುಗಿ ತಾನೇ ಹಾರಿಕೊಂಡಳು ಅಂತ ಊರೆಲ್ಲ ಆಡುತ್ತಿದೆ, ಅವಳ ತಾಯಿ ದಿನಾ ಠಾಣೆ ಬೆಂಚಿನ ಮೇಲೆ ಕೂತಿರುತ್ತಾಳೆ ಅಂತ ಮಾತ್ರ ಹೇಳಿದ. ಚಿಕ್ಕಬೋರಯ್ಯ ಕುಡುಗೋಲು ಕೆಳಗಿಟ್ಟ.

“ಅವನ ಕಾಲ ತಬ್ಕೊಂಡಿದ್ಲು ಸಾ. ಅವನೂ ಕಾಲಲ್ಲೇ ಅಮುಕ್ಕೊಂಡು ಇಳ್ಸಕ್ಕೆ ನೋಡ್ತಿದ್ದ. ನನ್ ಗದ್ದೆ ಮ್ಯಾಕೆ ಬಂದಾಗ ಕೈ ಜಾರೋಯ್ತು. ಕೋರ್ಟು ಅಂತ ಅಲೆಸ್ತಾರೆ ಅಂತ ಸುಮ್ಕಿದ್ದೆ. ತೆಪ್ಪಾಯ್ತು.”

ಇಪ್ಪತ್ತನಾಲ್ಕು, ಸೋಮವಾರ, ಮಧ್ಯಾಹ್ನ. ಪುನೀತ್ ಖಾಲಿ ಶೆಡ್ಡಿನಲ್ಲಿ ಕೂತಿದ್ದ. ಜೀಪು ಕಂಡು ಏಳಲಿಲ್ಲ.

“ಎದೆ ಬಕಲ್ ಬಿಚ್ಚಿದ್ದು ಯಾರು?”

“ನಾನೇ ಸಾರ್.”

“ಯಾವಾಗ?”

“ಇಳಿದ ಮೇಲೆ.”

“ಅವಳ ಕಾಲಿನ ಬೆಲ್ಟ್ ಎಳೆದು ನೋಡಿದ್ಯಾ?”

“ಇಲ್ಲ.”

“ದಾರ ದಾರ ಸವರಿ ನೋಡೋನು ನೀನು. ಅದೊಂದು ಯಾಕೆ ನೋಡ್ಲಿಲ್ಲ?”

ಪುನೀತ್ ನಿಧಾನವಾಗಿ ಹೇಳಿದ. ಹಿಂದಿನ ದಸರಾ ರಜದಲ್ಲಿ ಗಂಡ ಹೆಂಡತಿ ಬಂದಿದ್ದರು. ನಿಯಮದಂತೆ ಮಂಡಿಯೂರಿ ಹೆಂಗಸಿನ ತೊಡೆಯ ಬಕಲ್ಲಿಗೆ ಕೈ ಹಾಕಿದ. ಗಂಡ ಎಲ್ಲರೆದುರು ಕೆನ್ನೆಗೆ ಬಾರಿಸಿದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು, ಹೆಂಗಸಿನ ಮೇಲೆ ಕೈ ಹಾಕಿದ ಅಂತ. ಪುನೀತನ ತಾಯಿ ಡೈರಿಗೆ ಹಾಲು ಹಾಕಲು ಹೋಗುವುದನ್ನೇ ಬಿಟ್ಟಳು. ಅವತ್ತಿನಿಂದ ಗಂಡಸರಾದರೆ ಕೈಯಲ್ಲಿ ಎಳೆದು ನೋಡುತ್ತಿದ್ದ, ಹೆಂಗಸರಾದರೆ ಬಾಯಲ್ಲಿ ಕೇಳುತ್ತಿದ್ದ. ಎಲ್ಲರೂ ಆಯ್ತು ಅನ್ನುತ್ತಿದ್ದರು, ಎಲ್ಲರೂ ಕ್ಷೇಮವಾಗಿ ಇಳಿಯುತ್ತಿದ್ದರು. ಬಿಂದುಶ್ರೀ ಬಿದ್ದ ದಿನ, ಕೈ ತಾನಾಗಿಯೇ ಎದೆಯ ಬಕಲ್ ಬಿಚ್ಚಿತು. ಜನ ಓಡಿಬಂದು ಏನಾಯ್ತಲಾ ಅಂದಾಗ ಬಾಯಿಗೆ ‘ಹಾರ್ಕೊಂಡ್ಬುಟ್ಳು’ ಅಂತ ಬಂತು. ಒಂದು ಸಲ ಆಡಿದ ಮೇಲೆ ನುಂಗಲಾಗಲಿಲ್ಲ.

“ಮುಟ್ಟಿದ್ದಕ್ಕೆ ಅವತ್ತು ಹೊಡೆದ್ರು ಸಾರ್. ಮುಟ್ಟದೆ ಇದ್ದಿದ್ದಕ್ಕೆ ಹೀಗಾಯ್ತು.”

ಜಯಪ್ರಕಾಶನಿಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಆದರೆ ಅವನ ಒಂದು ಸುಳ್ಳಿಗೆ ಸತ್ತ ಹುಡುಗಿ ಇಷ್ಟು ದಿನ ಊರಿನ ಬಾಯಲ್ಲಿ ನಲುಗಿದ್ದಳಲ್ಲ, ಅದನ್ನು ಮಾಫಿ ಮಾಡಲು ತಾನ್ಯಾರು? ಸಾಕ್ಷ್ಯ ನಾಶ, ಸುಳ್ಳು ಮಾಹಿತಿಯ ಕಲಂ ಸೇರಿಸಿ ಮಧ್ಯಾಹ್ನ ಮೂರೂವರೆಗೆ ದಸ್ತಗಿರಿ ಮಾಡಿದ. ಪುನೀತ್ ಶೆಡ್ಡಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ ಜೀಪು ಹತ್ತಿದ.

ಏಪ್ರಿಲ್ ಮೊದಲ ವಾರ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಮಹದೇವಮ್ಮ ಬಂದು ಅದೇ ಬೆಂಚಿನ ಮೇಲೆ ಕೂತಿದ್ದಳು. ಜಯಪ್ರಕಾಶ್ ತಾನೇ ಎದ್ದು ಅವಳ ಹತ್ತಿರ ಹೋದ.

“ಬರೆದಿದ್ದು ಆಯ್ತಾ ಸ್ವಾಮಿ?”

ಆಯ್ತು ಅನ್ನಲು ತೆರೆದ ಬಾಯಿ ಮುಚ್ಚಿಕೊಂಡ. ಹಾಳೆ ತಿರುಗಿಸಿ ಸಾಲಿನ ಕೆಳಗೆ ಬೆರಳಿಟ್ಟು ಅವಳ ಮುಂದೆ ಹಿಡಿದ. ಮಹದೇವಮ್ಮ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು: ‘ಮೃತಳು ತಾನಾಗಿ ಹಾರಿಕೊಂಡಿರುವುದಿಲ್ಲ.’ ಇನ್ನೊಂದು ಸಲ ಓದಿದಳು. ಆಮೇಲೆ, ಆ ಹುಡುಗ ಯಾಕೆ ನೋಡಲಿಲ್ಲವಂತೆ ಅಂತ ಕೇಳಿದಳು. ಜಯಪ್ರಕಾಶ್ ಕೆನ್ನೆ ಏಟಿನ ಕತೆ ಹೇಳಿದ.

“ನನ್ ಮಗ್ಳು ಮನೆಗೆ ಬಂದು, ಅವ್ವ, ಪೈಲಟ್ಟು ತೊಡೆ ಮುಟ್ದ ಅಂದಿದ್ರೆ,” ಅಂದಳು ಮಹದೇವಮ್ಮ, “ನಾನೂ ಬಂದು ಅವ್ನ ಕೆನ್ನೆಗೆ ಒಡೀತಿದ್ದೆ ಸ್ವಾಮಿ.”

ಸೆರಗಿನಲ್ಲಿ ಮುಖ ಒರೆಸಿಕೊಂಡು, ಆ ಹಾಳೆಯದೊಂದು ಜೆರಾಕ್ಸ್ ಕೊಡಿ ಅಂದಳು. ತಿಮ್ಮಯ್ಯ ಆಯ್ತು ಅನ್ನದೆ ಎದ್ದು ಹೋಗಿ ಮಾಡಿಸಿಕೊಂಡು ಬಂದ. ಅದನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗಿಟ್ಟುಕೊಂಡು ಮಹದೇವಮ್ಮ ಮಂಡ್ಯದ ಬಸ್ಸು ಹತ್ತಿದಳು.